ಎರಡು ತವರಿನ ತಾಯಿ

ನಮ್ಮೂರಿನ ಅಮ್ಮ ವರ್ಷದ ಅರ್ಧ ಕಾಲ ಮಾತ್ರ ನಮ್ಮೂರಿನಲ್ಲಿರುತ್ತಾಳೆ. ಮಳೆಗಾಲ ಮುಗಿಯುವಾಗ ಬರುವ ತೆನೆಹಬ್ಬದ ಬೆಳಿಗ್ಗೆ ಚರ್ಚಿನ ಬಾಗಿಲು ತೆಗೆದರೆ ಪೀಠದ ಮೇಲೆ ನಿಂತಿರುತ್ತಾಳೆ, ಸೊಂಟದ ಮೇಲೆ ಬಾಲಯೇಸು. ಬೇಸಿಗೆಯಲ್ಲಿ, ಈಸ್ಟರಿಗೆ ಒಂದು ವಾರ ಮುಂಚಿನ ಗರಿಗಳ ಭಾನುವಾರದ ಬೆಳಿಗ್ಗೆ ತೆಗೆದರೆ ಇರುವುದಿಲ್ಲ. ಆ ಹೊತ್ತಿಗೆ ಹೊಳೆಯ ಆಚೆ ದಡದ ಊರಿನ ಚರ್ಚಿನಲ್ಲಿ, ನಮ್ಮದರಂಥದೇ ಇನ್ನೊಂದು ಪೀಠದ ಮೇಲೆ ನಿಂತಿರುತ್ತಾಳೆ. ಆಳೆತ್ತರದ ಮರದ ಪ್ರತಿಮೆ ಹೊಳೆ ದಾಟುವುದು ಹೇಗೆ ಎಂದು ನನ್ನನ್ನು ಕೇಳಬೇಡಿ. ನಿಮ್ಮೂರಿನಲ್ಲಿ ಹೊತ್ತು ಹೇಗೆ ಮುಳುಗುತ್ತದೆ ಎಂದು ನಾನು ನಿಮ್ಮನ್ನು ಕೇಳಿದೆನೆ? ಹೋಗುತ್ತಾಳೆ, ಬರುತ್ತಾಳೆ, ಅಷ್ಟೇ.

ನಮ್ಮ ಬದುಕೂ ಅದಕ್ಕೆ ಹೊಂದಿಕೊಂಡಿತ್ತು. ಅಮ್ಮ ಇದ್ದಾಗ ಮದುವೆ, ಜ್ಞಾನಸ್ನಾನ, ಹರಕೆ. ಅವಳಿಲ್ಲದಾಗ ಮನೆಗೆ ಸುಣ್ಣ, ಬಾವಿಯ ಹೂಳು, ಜಗಳ. ಹೌದು, ಜಗಳವನ್ನೂ ಎತ್ತಿಡುತ್ತಿದ್ದೆವು. "ಅಮ್ಮ ಆಚೆಗೋಗ್ಲಿ, ಆಮೇಲೆ ನಿನ್ನ ವಿಚಾರಿಸ್ಕೋತೀನಿ" ಎಂದು ಬೆರಳು ಆಡಿಸಿ ಹೇಳಿದವರು ಬೇಸಿಗೆ ಬರುವಷ್ಟರಲ್ಲಿ ಜಗಳದ ಕಾರಣವನ್ನೇ ಮರೆತಿರುತ್ತಿದ್ದರು. ಖಾಲಿ ಪೀಠ ನೋಡುವುದಕ್ಕಾಗದೆ ಆ ಆರು ತಿಂಗಳು ಸಂತ ಜೋಸೆಫರನ್ನು ಮೂಲೆಯಿಂದ ತಂದು ಅಲ್ಲಿ ನಿಲ್ಲಿಸುತ್ತಿದ್ದೆವು. ಹೆಂಡತಿ ಊರಲ್ಲಿಲ್ಲದಾಗ ಮನೆ ಕಾಯುವ ಗಂಡಸಿನ ಹಾಗೆ ಅವರು ಪಾಪ ಬೆಪ್ಪಾಗಿ ನಿಂತಿರುತ್ತಿದ್ದರು. ಇನ್ನು ತಡೆಯಲಾರದಷ್ಟು ಕಷ್ಟ ಬಂದವರು ದೋಣಿ ಹತ್ತಿ ಆಚೆಗೆ ಹೋಗಿ ಅಮ್ಮನನ್ನು ನೋಡಿಕೊಂಡು ಬರುತ್ತಿದ್ದರು.

ಒಂದೇ ತಕರಾರು ತವರಿನದು. ನಮ್ಮ ಪ್ರಕಾರ ಇದು ಅಮ್ಮನ ತವರು, ಆಚೆಯದು ಗಂಡನ ಮನೆ. ಆಚೆಯವರ ಪ್ರಕಾರ ಅದು ತವರು, ನಮ್ಮದು ಗಂಡನ ಮನೆ. ಹಾಗಾಗಿ ಎರಡು ಕಡೆಯೂ ಅವಳು ಹೊರಡುವ ಮುನ್ನಾದಿನ ಮಡಿಲಕ್ಕಿ ಕಟ್ಟಿ, ಮಗಳನ್ನು ಕಳಿಸುವವರ ಹಾಗೆ ಗೊಳೋ ಎಂದು ಅಳುತ್ತಿದ್ದರು. ದೋಣಿಯಲ್ಲಿ ಆಚೆಯ ಹೆಂಗಸು ಯಾರಾದರೂ ಸಿಕ್ಕರೆ ಈ ವಿಷಯಕ್ಕೆ ದಡ ಮುಟ್ಟುವವರೆಗೂ ಮಾತಿಗೆ ಮಾತು ಬೆಳೆಯುತ್ತಿತ್ತು. ಇಳಿಯುವಾಗ ಇಬ್ಬರೂ ಎಲೆಯಡಿಕೆ ಹಂಚಿಕೊಂಡು ಇಳಿಯುತ್ತಿದ್ದರು.

ಅಮ್ಮನಿಗೆ ಸೀರೆ ಉಡಿಸುವ ಕೆಲಸ ನಮ್ಮ ಮನೆತನದ್ದು. ಅತ್ತೆಯ ಕೈಯಿಂದ ಅದು ಹಿರಿಸೊಸೆ ಆರೋಗ್ಯಮ್ಮನಿಗೆ ಹೋಯಿತು. ನಾನು ಕಿರಿಸೊಸೆ ಫಿಲೋಮಿನಾ, ಊರವರ ಬಾಯಲ್ಲಿ ಪಿಲ್ಲಮ್ಮ. ನನ್ನ ಕೈ ಬೆವರುತ್ತದೆ, ಬಾಯಿ ಸುಮ್ಮನಿರುವುದಿಲ್ಲ ಎಂದು ಅತ್ತೆ ನನಗೆ ಪರದೆ ಹಿಡಿಯುವ ಕೆಲಸ ಕೊಟ್ಟರು. ಅಮ್ಮನ ಸೀರೆ ಬದಲಿಸುವಾಗ ನಾಲ್ವರು ಹೆಂಗಸರು ನಾಲ್ಕು ಮೂಲೆಗೆ ನಿಂತು ಬಿಳಿ ಬಟ್ಟೆಯ ಪರದೆ ಹಿಡಿಯಬೇಕು. ಗಂಡಸರು, ಚರ್ಚಿನ ಗುರುಗಳಾದ ಸ್ವಾಮಿಗಳೂ ಸೇರಿದಂತೆ, ಬೆನ್ನು ತಿರುಗಿಸಿ ನಿಲ್ಲಬೇಕು. ಅಮ್ಮನ ಸೆರಗು ಹೆಗಲ ಮೇಲೆ ಕೂರುವವರೆಗೆ, ಮನೆಗೆ ಬೆಂಕಿ ಬಿತ್ತು ಎಂದು ಕೂಗಿದರೂ ಪರದೆ ಬಿಡುವ ಹಾಗಿಲ್ಲ. ಹೇಳುವುದಕ್ಕೇನು, ನನಗೆ ಮೊದಲು ಹೊಟ್ಟೆಕಿಚ್ಚಾಗಿತ್ತು. ಆಮೇಲೆ ಆರೋಗ್ಯಮ್ಮ ನೆರಿಗೆ ಹಿಡಿಯುವುದನ್ನು ಹತ್ತಿರದಿಂದ ನೋಡಿದೆ. ಅವಳ ಕೈಯಲ್ಲಿ ಮರದ ಅಮ್ಮ ಹೆಂಗಸಿನ ಹಾಗೆ ಸೊಂಟ ಕೊಡುತ್ತಿದ್ದಳು. ನನ್ನ ಕಿಚ್ಚು ಅಲ್ಲಿಗೆ ಆರಿತು.

ಆರೋಗ್ಯಮ್ಮನ ಗಂಡ, ಎಂದರೆ ನನ್ನ ಭಾವ, ತೀರಿಕೊಂಡು ಬಹಳ ವರ್ಷವಾಗಿತ್ತು. ಇದ್ದವನು ಒಬ್ಬನೇ ಮಗ, ಚೌರಿ. ಮೀನಿನ ಬಲೆ ಹೆಣೆಯುತ್ತಿದ್ದ. ಬಾಯಿ ತುಂಬ ಮಾತಾಡುವವನಲ್ಲ, ತಾಯಿಯ ಎದುರಿಗಂತೂ ನೆಲ ನೋಡುತ್ತಲೇ ನಗುತ್ತಿದ್ದ. ತೆನೆಹಬ್ಬ ಕಳೆದು ಸ್ವಲ್ಪ ದಿನಕ್ಕೆ ಯುದ್ಧ ಬಂತಲ್ಲ, ಆಗ ನಮ್ಮೂರಿನಿಂದ ಮೊದಲು ಸೈನ್ಯಕ್ಕೆ ಸೇರಿದವನು ಅವನೇ. ಯುದ್ಧ ಯಾಕೆ ಬಂತೆಂದು ನನಗೆ ಈಗಲೂ ಸರಿಯಾಗಿ ಗೊತ್ತಿಲ್ಲ. ಹೊಳೆಯ ಮೇಲುಗಡೆ ಎಲ್ಲೋ ಒಂದು ಗುಡ್ಡ ಯಾರಿಗೆ ಸೇರಿದ್ದು ಎಂದು ಶುರುವಾಯಿತಂತೆ. ಆಚೆ ದಡ ಬೇರೆ ದೇಶ ಎಂಬುದು ನಮಗೆ ಗೊತ್ತಿತ್ತು, ಆದರೆ ಅದನ್ನು ಯಾರೂ ಮನಸ್ಸಿಗೆ ಹಚ್ಚಿಕೊಂಡಿರಲಿಲ್ಲ. ಈಗ ದೋಣಿಗಳನ್ನೆಲ್ಲ ದಡಕ್ಕೆಳೆದು ಬೋರಲು ಹಾಕಿದರು. ಆಚೆ ಊರಿಗೆ 'ಶತ್ರು' ಎಂಬ ಹೆಸರು ಬಂತು.

ಆರೋಗ್ಯಮ್ಮ ಮಗನನ್ನು ಅಳುತ್ತ ಕಳಿಸಲಿಲ್ಲ. ಕೊರಳಿಗೆ ಅಮ್ಮನ ಪದಕ ಕಟ್ಟಿ, ಹಣೆಗೆ ಶಿಲುಬೆ ಗುರುತು ಹಾಕಿ, "ದೇಶ ಕರೆದೈತೆ, ಹೋಗ್ಬುಟ್ಟು ಬಾ ಮಗ. ಅಮ್ಮ ಈಗ ನಮ್ಮ ಕಡೆನೇ ಅವ್ಳೆ, ನಿಂಗೇನೂ ಆಗಕಿಲ್ಲ" ಎಂದಳು. ನಮ್ಮೆಲ್ಲರ ಧೈರ್ಯವೂ ಅದೇ ಆಗಿತ್ತು. ಅಮ್ಮ ನಮ್ಮ ಕಡೆ ಇದ್ದಾಗ ಯುದ್ಧ ಬಂದದ್ದೇ ದೇವರ ಚಿತ್ತ ಎಂದು ಜನ ಬೀಗಿದರು. ಬೀದಿಯಲ್ಲಿ ನಾನೂ ಬೀಗಿಕೊಂಡೇ ನಡೆದೆ.

ಗೊಂದಲ ಶುರುವಾದದ್ದು ಪ್ರಾರ್ಥನೆಯಲ್ಲಿ. ನಮ್ಮ ಇನ್ನಾಸಿ ಸ್ವಾಮಿಗಳು ವಯಸ್ಸಾದವರು, ಒಂದು ಮಾತಿಗೆ ಎರಡು ಸಲ ಕನ್ನಡಕ ಒರೆಸುವವರು. ಪ್ರತಿ ಭಾನುವಾರ ಪೂಜೆಯಲ್ಲಿ ಸೈನ್ಯದ ಜಯಕ್ಕೆ ಪ್ರಾರ್ಥಿಸಬೇಕೆಂದು ಸರ್ಕಾರದ ಆಜ್ಞೆ ಬಂದಿತ್ತು. "ನಮ್ಮ ಸೈನ್ಯಕ್ಕೆ ಜಯವಾಗಲಿ" ಎಂದು ಅವರು ಗಟ್ಟಿಯಾಗಿ ಹೇಳಿದರು, ನಾವೂ ಗಟ್ಟಿಯಾಗಿ "ಪ್ರಭುವೇ, ಆಲಿಸು" ಎಂದೆವು. ಆಮೇಲೆ ಅವರು ಗಂಟಲಲ್ಲೇ "ಆಚೆಯ ಮಕ್ಕಳೂ ಮನೆ ಸೇರಲಿ" ಎಂದುಬಿಟ್ಟರು. ಅದಕ್ಕೆ ಏನು ಹೇಳಬೇಕೆಂದು ಯಾರಿಗೂ ತಿಳಿಯಲಿಲ್ಲ. ಅರ್ಧ ಜನ "ಆಲಿಸು" ಎಂದರು, ಉಳಿದರ್ಧ ಜನ ಕೆಮ್ಮಿದರು. ನಾನು ಎರಡನ್ನೂ ಮಾಡಿದೆ.

ಗರಿಗಳ ಭಾನುವಾರ ಹತ್ತಿರ ಬಂದಾಗ ನಮ್ಮೂರಿನಲ್ಲಿ ಬೀಡುಬಿಟ್ಟಿದ್ದ ದಳದ ಮೇಜರ್ ಅಮೃತರಾಜ್ ಚರ್ಚಿಗೆ ಬಂದರು. ಅವರು ಒರಟು ಮನುಷ್ಯರಾಗಿದ್ದರೆ ಎಷ್ಟೋ ವಾಸಿಯಿತ್ತು, ಬೈದುಕೊಂಡಾದರೂ ಇರಬಹುದಿತ್ತು. ಅವರು ಬೂಟು ಬಿಚ್ಚಿ ಬಾಗಿಲಲ್ಲಿಟ್ಟು, ಮೊಣಕಾಲೂರಿ, ಶಿಲುಬೆ ಗುರುತು ಹಾಕಿಕೊಂಡು, ಆಮೇಲೆ ಮಾತು ತೆಗೆದರು. "ಸ್ವಾಮಿ, ಈ ಪ್ರತಿಮೆ ಇನ್ನು ಕೆಲವು ದಿನಕ್ಕೆ ಶತ್ರುದೇಶಕ್ಕೆ ಹೋಗುತ್ತದಂತೆ, ನಿಜವೆ?"

"ಹೋಗುತ್ತಾಳೆ" ಎಂದರು ಸ್ವಾಮಿಗಳು.

"ಗಡಿ ಮುಚ್ಚಿದೆ. ಯಾವ ವ್ಯಕ್ತಿಯೂ ಯಾವ ವಸ್ತುವೂ ದಾಟಬಾರದು ಎಂದು ಆಜ್ಞೆಯಿದೆ. ಇವರು ವ್ಯಕ್ತಿಯೋ ವಸ್ತುವೋ ಎಂಬುದನ್ನು ನೀವೇ ಹೇಳಬೇಕು."

ಸ್ವಾಮಿಗಳು ಕನ್ನಡಕ ಒರೆಸಿದರು. "ವಸ್ತು ಅಂದರೆ ನನ್ನ ಬಾಯಿಗೆ ಹುಳ ಬೀಳುತ್ತದೆ ಮೇಜರ್. ವ್ಯಕ್ತಿ ಅಂದರೆ ನೀವು ಪರವಾನಗಿ ಕೇಳುತ್ತೀರಿ. ನನಗೆ ತಿಳಿಯುತ್ತಿಲ್ಲ."

ಮೇಜರ್ ಪೀಠದ ಹತ್ತಿರ ಹೂ ಸರಿಪಡಿಸುತ್ತಿದ್ದ ಆರೋಗ್ಯಮ್ಮನ ಕಡೆ ತಿರುಗಿದರು. "ಆಚೆಯವರೂ ಇವಳ ಹತ್ತಿರ ಜಯ ಕೇಳುತ್ತಾರೇನಮ್ಮ?"

"ಕೇಳ್ದೆ ಏನ್ಮಾಡ್ತಾರೆ ಸಾಮಿ? ಅವ್ರಿಗೂ ಮಕ್ಕಳವ್ರಲ್ಲ."

ಮೇಜರ್ ಅಮ್ಮನ ಮುಖ ನೋಡಿ, ಸ್ವಾಮಿಗಳ ಕಡೆ ತಿರುಗಿದರು. "ನನ್ನ ಹುಡುಗರು ರಾತ್ರಿ ಕಾವಲಿಗೆ ಹೋಗುವ ಮುಂಚೆ ಇವಳ ಕಾಲು ಮುಟ್ಟಿ ಹೋಗುತ್ತಾರೆ. ನಾಳೆ ಇವಳು ಆಚೆ ನಿಂತರೆ, ಅವರು ಯಾರ ಮೇಲೆ ಗುಂಡು ಹಾರಿಸುತ್ತಿದ್ದೇವೆ ಎಂದು ಯೋಚಿಸತೊಡಗುತ್ತಾರೆ. ಹಾಗಾಗಬಾರದು. ಹೇಗಾದರೂ ಮಾಡಿ ಇವಳನ್ನು ಇಲ್ಲೇ ಇರಿಸಿಕೊಳ್ಳಿ."

ಆ ಸಂಜೆ ಪೂಜೆ ಮುಗಿದ ಮೇಲೆ ಊರಿನವರೆಲ್ಲ ಚರ್ಚಿನಲ್ಲೇ ಕುಳಿತರು. ಒಬ್ಬರು ಬಾಗಿಲಿಗೆ ಬೀಗ ಹಾಕೋಣ ಎಂದರು. ಬಾಗಿಲಿನಿಂದ ಹೋಗುತ್ತಾಳೆ ಎಂದು ಯಾರು ಹೇಳಿದರು ಎಂದು ಇನ್ನೊಬ್ಬರು ಕೇಳಿದರು. ಅಮ್ಮನನ್ನು ತಡೆಯುವುದೇ ಪಾಪ ಎಂದ ಮುದುಕರೊಬ್ಬರನ್ನು ನಾಲ್ಕು ಜನ ಸೇರಿ 'ದೇಶದ್ರೋಹಿ' ಎಂದು ಬಾಯಿ ಮುಚ್ಚಿಸಿದರು. ಕೊನೆಗೆ ಎದ್ದು ನಿಂತವಳು ನಮ್ಮ ಎದುರು ಮನೆಯ ಕತ್ರಿನಮ್ಮ. ಅವಳ ಇಬ್ಬರು ಗಂಡುಮಕ್ಕಳೂ ಸೈನ್ಯದಲ್ಲಿದ್ದರು. ಪರದೆ ಹಿಡಿಯುವವರಲ್ಲಿ ಅವಳೂ ಒಬ್ಬಳು, ನನ್ನ ಪಕ್ಕದ ಮೂಲೆ ಅವಳದು. "ತವರಿಗೆ ಬಂದ ಮಗಳ್ನ ಇನ್ನೆರಡು ದಿನ ಇರವ್ವ ಅಂತ ಬಲವಂತ ಮಾಡಕಿಲ್ವಾ? ಹಂಗೇ ಅನ್ಕಳಿ. ನಮ್ಮನೆ ತೊಟ್ಟಿಲ ಸರಪಳಿ ಐತೆ. ನನ್ನ ಇಬ್ಬರ್ನೂ ತೂಗಿದ್ದು ಅದ್ರಾಗೇನೆ. ಅದ್ರಾಗೆ ಕಟ್ಟಿದ್ರೆ ಅವಳ್ಗೆ ಅವಮಾನ ಏನ್ಬಂತು?" ಎಂದಳು.

ಎಲ್ಲರೂ ಆರೋಗ್ಯಮ್ಮನ ಮುಖ ನೋಡಿದರು. ಅಮ್ಮನ ಮೈ ಮುಟ್ಟುವವಳು ಅವಳೊಬ್ಬಳೇ. ಸ್ವಾಮಿಗಳೂ ನೋಡಿದರು, ಅವಳು ಒಲ್ಲೆ ಎಂದರೆ ಸಾಕೆಂಬಂತೆ. ಅವಳು ಒಲ್ಲೆ ಎನ್ನಲಿಲ್ಲ. "ನಮ್ಮ ಚೌರಿ ಬರೋಗಂಟ ಇರ್ಲಿ. ಕಟ್ತೀನಿ" ಎಂದಳು.

ಕಟ್ಟಿದಳು. ಪರದೆಯೊಳಗೆ ಅವಳು ಸರಪಳಿಯನ್ನು ಅಮ್ಮನ ಸೊಂಟಕ್ಕೆ ಸುತ್ತಿ, ಇನ್ನೊಂದು ತುದಿಯನ್ನು ಪೀಠದ ಕಲ್ಲಿನ ಬಳೆಗೆ ಬಿಗಿದು, ಮೇಲೆ ದಪ್ಪ ನೆರಿಗೆ ಇಳಿಬಿಟ್ಟು ಯಾರ ಕಣ್ಣಿಗೂ ಬೀಳದ ಹಾಗೆ ಮುಚ್ಚಿದಳು. ತುಟಿ ಕಚ್ಚಿಕೊಂಡಿದ್ದಳು. "ಮುಖ ನೋಡ್ದೇನೇ ಅವಳ್ದು?" ಎಂದು ನಾನು ಕೇಳಿದ್ದಕ್ಕೆ, "ನೀನು ಪರದೆ ನೆಟ್ಟಗೆ ಹಿಡ್ಕಳೆ" ಎಂದು ಗದರಿದಳು.

ಗರಿಗಳ ಭಾನುವಾರ ಬಾಗಿಲು ತೆಗೆದಾಗ ಅಮ್ಮ ಇದ್ದಳು. ಅಯ್ಯೋ, ಆ ದಿನದ ಸಂಭ್ರಮ! ಗರಿ ಹಿಡಿದು ಹಾಡುತ್ತ ಬಂದವರು ಹಾಡನ್ನು ಅರ್ಧಕ್ಕೆ ಬಿಟ್ಟು ದೇಶದ ಹಾಡು ಹಾಡಿದರು. ಯಾರೋ ಪಟಾಕಿ ಹಚ್ಚಿದರು. ಆದರೆ ಅದಾದ ಮೇಲೆ ಏನು ಮಾಡಬೇಕೆಂದು ನಮಗೆ ಗೊತ್ತಿರಲಿಲ್ಲ. ಅಮ್ಮನ ಜೊತೆ ಬೇಸಿಗೆ ಕಳೆದವರು ನಮ್ಮಲ್ಲಿ ಯಾರಿದ್ದಾರೆ? ಸಂತ ಜೋಸೆಫರನ್ನು ರೂಢಿಯಂತೆ ಮೂಲೆಯಿಂದ ತಂದವರು ಎಲ್ಲಿಡುವುದೆಂದು ತಿಳಿಯದೆ ಬೆಂಚುಗಳ ನಡುವೆ ಬಿಟ್ಟರು. ಜನ ಅವರನ್ನು ಸುತ್ತಿಕೊಂಡು ಓಡಾಡಿದರು. ಸುಣ್ಣ ಹೊಡೆಯುವುದೋ ಮದುವೆ ಮಾಡುವುದೋ? ಎತ್ತಿಟ್ಟ ಜಗಳಗಳನ್ನು ಆಡುವುದೋ ಬಿಡುವುದೋ? ಅಮ್ಮನ ಬೇಸಿಗೆಯ ತೆಳು ಸೀರೆಗಳೆಲ್ಲ ಆಚೆ ಊರಿನ ಪೆಟ್ಟಿಗೆಯಲ್ಲಿದ್ದವು. ನಮ್ಮಲ್ಲಿದ್ದದ್ದು ರೇಷ್ಮೆ, ಚಳಿಗಾಲದ ಶಾಲು. ಬಿಸಿಲು ಏರಿದ ಹಾಗೆ ಆರೋಗ್ಯಮ್ಮನಿಗೆ ಅದನ್ನು ನೋಡಲಾಗಲಿಲ್ಲ. ತನ್ನದೇ ಹಳೆಯ ನೂಲಿನ ಸೀರೆ ಒಗೆದು ತಂದು ಉಡಿಸಿದಳು. ಅಮ್ಮ ನಮ್ಮ ಬೀದಿಯ ಹೆಂಗಸಿನ ಹಾಗೆ ಕಂಡಳು. ಕೆಲವರಿಗೆ ಅದು ಹಿತವೆನಿಸಿತು, ಕೆಲವರಿಗೆ ಕಸಿವಿಸಿ. ಚೌರಿಯಿಂದ ಮಾತ್ರ ಯಾವ ಸುದ್ದಿಯೂ ಬಂದಿರಲಿಲ್ಲ. ಕೇಳಿದಾಗಲೆಲ್ಲ ಮೇಜರ್ "ಸುದ್ದಿಯಿಲ್ಲ ಎಂದರೆ ಒಳ್ಳೆಯದೇ ಅಮ್ಮ" ಎನ್ನುತ್ತಿದ್ದರು.

ಮೊದಲ ಮಳೆ ಬೀಳುವ ಹೊತ್ತಿಗೆ ಚರ್ಚಿನ ಶಾಲೆ ಆಸ್ಪತ್ರೆಯಾಗಿತ್ತು. ಗಾಯಗೊಂಡವರಿಗೆ ಗಂಜಿ ಕೊಡುವ ಸರದಿ ನಮ್ಮದು, ಹೆಂಗಸರದು. ಒಂದು ದಿನ ಕಾಲಿಗೆ ಗುಂಡು ಬಿದ್ದ ಶತ್ರು ಸೈನಿಕನೊಬ್ಬನನ್ನು ಕೈದಿಯಾಗಿ ತಂದು ಮಲಗಿಸಿದರು. ನಡುವಯಸ್ಸಿನವನು, ರಾಯಪ್ಪ ಎಂದು ಹೆಸರು, ಆಚೆ ಊರಿನವನೇ. ಅವನಿಗೆ ಗಂಜಿ ಕೊಡುವುದಕ್ಕೆ ಯಾರೂ ಮುಂದೆ ಬರಲಿಲ್ಲ. ಆರೋಗ್ಯಮ್ಮ ಕೊಟ್ಟಳು, ಮುಖ ನೋಡದೆ ಕೊಟ್ಟಳು. ಅವನು ಬಟ್ಟಲು ಹಿಡಿದುಕೊಂಡು, "ಅವ್ವಾ, ಅಮ್ಮ ಇಲ್ಲೇ ಅವ್ಳಾ? ಇಲ್ಲಾ ನಮ್ಮೇಲೆ ಕ್ವಾಪ ಮಾಡ್ಕೊಂಡು ಎಲ್ಗಾದ್ರೂ ಹೊಂಟೋದ್ಲಾ?" ಎಂದು ಕೇಳಿದ.

ಅವಳು ಮುಂದಿನ ಬಟ್ಟಲಿಗೆ ಗಂಜಿ ಬಗ್ಗಿಸಿದಳು. ಅವನೇ ಹೇಳುತ್ತ ಹೋದ. ಗರಿಗಳ ಭಾನುವಾರ ಅವರ ಪೀಠ ಖಾಲಿ. ಅವರ ಹೆಂಗಸರು ಬೇಸಿಗೆ ಸೀರೆ ಕೈಯಲ್ಲಿ ಹಿಡಿದುಕೊಂಡು ಸಂಜೆಯವರೆಗೆ ನಿಂತಿದ್ದರಂತೆ. ನಾವೇನು ತಪ್ಪು ಮಾಡಿದೆವು ಎಂದು ಊರಿಗೆ ಊರೇ ಉಪವಾಸ ಕುಳಿತಿತಂತೆ. ಆಮೇಲೆ ಅದೇ ಚರ್ಚನ್ನು ಕೈದಿಗಳ ಸೆರೆಮನೆ ಮಾಡಿದರಂತೆ. ರಾಯಪ್ಪ ಇಲ್ಲಿಗೆ ಬರುವ ಮುಂಚೆ ಅಲ್ಲಿ ಕಾವಲಿದ್ದ. "ನಿಮ್ಮೂರೋನೇ ಒಬ್ಬ ಅಲ್ಲಿ ಅವ್ನೆ. ಜ್ವರ ಬಿಡ್ತಾ ಇಲ್ಲ ಅವ್ನಿಗೆ. ಖಾಲಿ ಪೀಠದ ಎದುರ್ಗೇ ಮಲಗಿರ್ತಾನೆ. ಅಮ್ಮ ಬಂದ್ಲಾ ಅಂತ ದಿನಾ ಕೇಳ್ತಾನೆ. ಅವಳ್ಗೆ ಸೀರೆ ಉಡ್ಸೋಳು ನಮ್ಮವ್ವ, ಸೆರಗಾದ್ರೂ ನೋಡಿದ್ರೆ ಸಾಕು ಅಂತಾನೆ. ಚೌರಿ ಅಂತ ಹೆಸ್ರು."

ಆರೋಗ್ಯಮ್ಮನ ಕೈಯಲ್ಲಿದ್ದ ಗಂಜಿಯ ಸೌಟು ಹಾಗೇ ನಿಂತಿತು. ನಾನು ಪಕ್ಕದ ಹಾಸಿಗೆಯ ಹತ್ತಿರವಿದ್ದೆ, ಎಲ್ಲವನ್ನೂ ಕೇಳಿಸಿಕೊಂಡಿದ್ದೆ. ಓಡಿಹೋಗಿ ಅವಳ ರಟ್ಟೆ ಹಿಡಿದೆ. ಅವಳು ಅಳಲಿಲ್ಲ. "ನಾನೇ ಕಟ್ಟಾಕಿವ್ನಿ ಕಣೇ ಪಿಲ್ಲಿ" ಎಂದಳು. "ನನ್ನ ಮಗನ ತಾವ್ಕೆ ಹೋಗೋಳ್ನ ನಾನೇ ಕಟ್ಟಾಕಿವ್ನಿ."

ಅಲ್ಲಿಂದ ಸೀದಾ ಸ್ವಾಮಿಗಳ ಹತ್ತಿರ ಹೋದಳು. ನಾನೂ ಹಿಂದೆಯೇ ಹೋದೆ. ಸರಪಳಿ ಬಿಚ್ಚಲೇ ಎಂದು ಕೇಳಿದಳು. ಸ್ವಾಮಿಗಳು ಒಂದು ಸಲ ಬಿಚ್ಚು ಎಂದರು, ಬಾಗಿಲವರೆಗೆ ಬಂದು ಬೇಡ ಎಂದರು. "ವೈರಿಯನ್ನೂ ಪ್ರೀತಿಸಿ ಎಂದು ಪೀಠದಿಂದ ಓದುವವನು ನಾನೇ. ಅದೇ ಬಾಯಲ್ಲಿ ಜಯ ಬೇಡುವವನೂ ನಾನೇ. ನನ್ನನ್ನೇನು ಕೇಳುತ್ತೀಯಮ್ಮ? ನಾನೇ ದಿನಾ ಮೊಣಕಾಲೂರಿ ಕೇಳುತ್ತಿದ್ದೇನೆ, ಉತ್ತರ ಬಂದಿಲ್ಲ" ಎಂದರು. ಅವರ ಕಣ್ಣು ತುಂಬಿದ್ದು ನೋಡಿ ನನಗೆ ಸಿಟ್ಟೇ ಬಂತು. ಎಲ್ಲರೂ ಅತ್ತುಬಿಟ್ಟರೆ ಹೇಳುವವರು ಯಾರು?

ಆಮೇಲೆ ಮೇಜರ್ ಹತ್ತಿರ ಹೋದಳು. ಅವರು ಅವಳನ್ನು ಕುರ್ಚಿ ಕೊಟ್ಟು ಕೂರಿಸಿದರು. ಮಗ ಬದುಕಿದ್ದಾನೆಂದು ಸಂತೋಷಪಟ್ಟರು, ನಿಜವಾಗಿಯೇ. ಆದರೆ ಸರಪಳಿಯ ಮಾತಿಗೆ ತಲೆಯಾಡಿಸಿದರು. "ನೋಡಿ ಅಮ್ಮ, ಈ ದಡದಲ್ಲಿ ಎಷ್ಟೊಂದು ತಾಯಂದಿರ ಮಕ್ಕಳಿದ್ದಾರೆ. ನಿಮ್ಮೊಬ್ಬರ ಮಗನಿಗೋಸ್ಕರ ದೇಶವನ್ನು ಬಿಡುತ್ತೀರಾ?"

"ಅವ್ನೂ ದೇಶಕ್ಕೋಸ್ಕರನೇ ಅಲ್ಲಿ ಬಿದ್ದವ್ನೆ ಸಾಮಿ. ಅವನಿರೋ ತಾವು ದೇಶ ಅಲ್ವಾ?"

ಅವಳು ಎದ್ದು ಬಂದ ಮೇಲೆ ಮೇಜರ್ ಪೀಠದ ಬಳಿ ಇಬ್ಬರು ಸಿಪಾಯಿಗಳನ್ನು ಕಾವಲಿಗೆ ಹಾಕಿದರು.

ಶನಿವಾರ ಬಂತು. ಅಮ್ಮನ ಸೀರೆ ಬದಲಿಸುವ ದಿನ. ನಡುಹಗಲು, ಚರ್ಚಿನ ತುಂಬ ಜಪಸರ ಹೇಳುವವರು. ನಾವು ನಾಲ್ವರೂ ಪರದೆ ಹಿಡಿದೆವು. ಸಿಪಾಯಿಗಳಿಬ್ಬರೂ ನಮ್ಮ ಕಡೆಯ ಹುಡುಗರೇ, ರೂಢಿ ಗೊತ್ತಿದ್ದವರು; ಬೆನ್ನು ತಿರುಗಿಸಿ ನಿಂತರು. ಆರೋಗ್ಯಮ್ಮ ಹಳೆ ಸೀರೆ ಬಿಚ್ಚಿದಳು. ಬೆರಳು ಸರಪಳಿಯ ಕೊಂಡಿಗೆ ಹೋಯಿತು. ಕೊಂಡಿ ಬಿಗಿಯಾಗಿತ್ತು, ಅವಳು ಮಂಡಿಯೂರಿ ಹಲ್ಲಿನಿಂದ ಕಚ್ಚಿ ಎಳೆದಳು. ನನ್ನ ಪಕ್ಕದ ಮೂಲೆಯಲ್ಲಿ ಕತ್ರಿನಮ್ಮ ಉಸಿರೆಳೆದದ್ದು ಕೇಳಿಸಿತು. ಕತ್ರಿನಮ್ಮ ಒಂದು ಮಾತು ಕೂಗಿದರೆ ಸಾಕಿತ್ತು.

"ಏನ್ಮಾಡ್ತಿದ್ದೀಯ ಆರೋಗ್ಯ?" ಎಂದು ಪಿಸುಗುಟ್ಟಿದಳು ಕತ್ರಿನಮ್ಮ. "ನನ್ನ ಮಕ್ಕಳು ಈ ಕಡೆ ಅವ್ರೆ ಕಣೇ."

"ನನ್ನ ಮಗ ಆ ಕಡೆ ಅವ್ನೆ ಕತ್ರಿನಕ್ಕ."

"ಇವಳು ಹೊಂಟೋದ್ರೆ ನನ್ನ ಮಕ್ಕಳ್ಗೆ ಯಾರವ್ರೆ? ಬ್ಯಾಡ ಕಣೇ. ನಿನ್ನ ಕಾಲಿಗೆ ಬೀಳ್ತೀನಿ."

ಆರೋಗ್ಯಮ್ಮ ಕೈ ನಿಲ್ಲಿಸಿದಳು. ಅಮ್ಮ ಲಂಗದಲ್ಲಿ ನಿಂತಿದ್ದಳು, ಸೊಂಟದಲ್ಲಿ ಸರಪಳಿ ಉಜ್ಜಿ ಬಣ್ಣ ಹೋಗಿ ಬಿಳಿ ಮರ ಕಾಣುತ್ತಿತ್ತು. ಮೂವರೂ ಅದನ್ನು ನೋಡಿದೆವು. ಇನ್ನಿಬ್ಬರು ಹಿಂದಿನ ಮೂಲೆಗಳಲ್ಲಿ, ಅಮ್ಮನ ಬೆನ್ನ ಹಿಂದೆ, ಕಣ್ಣು ಮುಚ್ಚಿ ಜಪ ಹೇಳುತ್ತಿದ್ದರು. ಕತ್ರಿನಮ್ಮ ಪರದೆಯ ಮೂಲೆಯನ್ನು ಮುಷ್ಟಿಯಲ್ಲಿ ಹಿಂಡಿದಳು. ಬಿಟ್ಟಿದ್ದರೆ ಸಿಪಾಯಿಗಳು ತಿರುಗುತ್ತಿದ್ದರು, ಎಲ್ಲ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಅಮ್ಮನ ಸೆರಗು ಇನ್ನೂ ಹೆಗಲೇರಿರಲಿಲ್ಲ. ಹುಟ್ಟಿದಾಗಿನಿಂದ ಕಲಿತದ್ದು, ಅವಳ ಕೈ ಹೇಗೆ ಬಿಟ್ಟೀತು? ಕಣ್ಣೀರು ಗಲ್ಲದಿಂದ ಇಳಿದು ಕುತ್ತಿಗೆಗೆ ಬಂದರೂ ಒರೆಸಿಕೊಳ್ಳಲು ಕೈ ಖಾಲಿಯಿರಲಿಲ್ಲ. ಆರೋಗ್ಯಮ್ಮ ಕೊಂಡಿ ಕಳಚಿದಳು. ಸರಪಳಿಯನ್ನು ಸದ್ದಾಗದಂತೆ ಪೀಠದ ಹಿಂದೆ ಇಳಿಸಿ, ಸೀರೆ ಉಡಿಸಿ, ನೆರಿಗೆ ಹಿಡಿದು, ಸೆರಗು ಹೊದಿಸಿದಳು. ಆ ದಿನ ಉಡಿಸಿದ ಹಾಗೆ ಅವಳು ಎಂದೂ ಉಡಿಸಿರಲಿಲ್ಲ. ಸೆರಗನ್ನು ಮತ್ತೆ ಮತ್ತೆ ನೀವಿ, ಮುಖಕ್ಕೆ ಒತ್ತಿಕೊಂಡಳು. ನಾವು ಪರದೆ ಮಡಚಿದೆವು. ಕತ್ರಿನಮ್ಮ ಯಾರಿಗೂ ಒಂದು ಮಾತೂ ಹೇಳದೆ ಮನೆಗೆ ಹೋದಳು. ಹೇಳಬೇಕಿತ್ತೋ ಹೇಳಬಾರದಿತ್ತೋ ಎಂಬುದು ಅವಳಿಗೂ ತಿಳಿದಿರಲಾರದು.

ಮರುದಿನ ಬೆಳಿಗ್ಗೆ ಪೀಠ ಖಾಲಿ.

ಜನ ಬಾಯಿ ಬಾಯಿ ಬಡಿದುಕೊಳ್ಳುವಷ್ಟರಲ್ಲಿ ಹೊಳೆಯ ಆಚೆಯಿಂದ ಗಂಟೆ ಕೇಳತೊಡಗಿತು. ಯುದ್ಧ ಶುರುವಾದಾಗಿನಿಂದ ಆ ಗಂಟೆ ಬಾರಿಸಿರಲಿಲ್ಲ. ಈಗ ನಿಲ್ಲಿಸುವುದೇ ಇಲ್ಲವೆಂಬಂತೆ ಬಾರಿಸುತ್ತಿದ್ದರು. ನಮ್ಮವರು ಹೊಳೆದಂಡೆಗೆ ಓಡಿದರು. ಕೆಲವರು ಕಲ್ಲು ಎತ್ತಿಕೊಂಡು ಆಚೆಗೆ ಎಸೆದರು, ಅವು ನಡುನೀರಿನಲ್ಲೇ ಬಿದ್ದವು. ಕೆಲವು ಮುದುಕಿಯರು ಅಭ್ಯಾಸಬಲದಿಂದ ಗಂಟೆಯ ಸದ್ದಿಗೆ ಶಿಲುಬೆ ಗುರುತು ಹಾಕಿಕೊಂಡು, ಆಮೇಲೆ ಸುತ್ತಮುತ್ತ ನೋಡಿ ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡರು. ಆಸ್ಪತ್ರೆಯಲ್ಲಿ ರಾಯಪ್ಪ ಗಂಟೆ ಕೇಳಿ ಚಪ್ಪಾಳೆ ತಟ್ಟಿ ನಕ್ಕನಂತೆ. ಸ್ವಲ್ಪ ಹೊತ್ತಿಗೆ ಗೋಡೆ ಕಡೆ ತಿರುಗಿ, "ನಮ್ಮೋರ ತಾವ್ಕೆ ಹೋದ್ಲು, ಸರಿ. ನಾನೀಗ ಯಾರ್ನ ಕರೀಲಿ?" ಎಂದು ಅಳತೊಡಗಿದನಂತೆ. ಗಂಜಿ ಕೊಡಲು ಹೋದವರಿಗೆ ಅವನನ್ನು ಬೈಯುವುದೋ ಸಮಾಧಾನ ಮಾಡುವುದೋ ತಿಳಿಯಲಿಲ್ಲ.

ಮೇಜರ್ ಬಂದು ಯಾರು ಬಿಚ್ಚಿದ್ದು ಎಂದು ಕೇಳುವುದಕ್ಕೆ ಬಾಯಿ ತೆರೆಯುವಷ್ಟರಲ್ಲಿ ಆರೋಗ್ಯಮ್ಮ, "ನಾನೇ ಸಾಮಿ" 
ಎಂದುಬಿಟ್ಟಳು. ಊರಿನವರು ಅವಳ ಮೇಲೆ ಬೀಳುವಂತೆ ನುಗ್ಗಿದರು. ಸ್ವಾಮಿಗಳು ಎರಡೂ ಕೈ ಚಾಚಿ ಅಡ್ಡ ನಿಂತರು; ನೂಕಾಟದಲ್ಲಿ ಕನ್ನಡಕ ಕೆಳಗೆ ಬಿದ್ದು ಒಡೆಯಿತು. ಮೇಜರ್ ಅವಳನ್ನು ಸೆರೆಮನೆಗೆ ಕಳಿಸಲಿಲ್ಲ. ಮನೆಯ ಹೊಸ್ತಿಲು ದಾಟಬಾರದೆಂದು ಹೇಳಿ, ಬಾಗಿಲಿಗೆ ಒಬ್ಬ ಸಿಪಾಯಿಯನ್ನು ಹಾಕಿದರು. "ನಿಮ್ಮನ್ನು ಏನು ಮಾಡಬೇಕೆಂದು ಮೇಲಿನವರನ್ನು ಕೇಳಿದ್ದೇನೆ. ಅವರಿಗೂ ತಿಳಿದಂತಿಲ್ಲ" ಎಂದರು. ಬೀದಿಯಲ್ಲಿ ಅವಳ ಜೊತೆ ಮಾತಾಡುವವಳು ನಾನೊಬ್ಬಳೇ ಉಳಿದೆ. ನೀರು ಸೇದಿ ಕೊಡುತ್ತಿದ್ದೆ, ಊರ ಸುದ್ದಿ ಹೇಳುತ್ತಿದ್ದೆ. ಅವಳು ಹೊಸ್ತಿಲ ಒಳಗೆ ಕುಳಿತು, "ನೋಡಿರ್ತಾನೇನೇ ಪಿಲ್ಲಿ? ಕಣ್ಣು ಬಿಟ್ಟು ಸೆರಗು ನೋಡಿರ್ತಾನಾ?" ಎಂದು ಕೇಳುತ್ತಿದ್ದಳು. ನೋಡಿರುತ್ತಾನೆ ಎನ್ನುತ್ತಿದ್ದೆ. ನನಗೇನು ಗೊತ್ತು?

ಆ ವಾರದ ಕೊನೆಯಲ್ಲಿ ಸೈನ್ಯದ ಜೀಪೊಂದು ನಮ್ಮ ಬೀದಿಗೆ ಬಂತು. ಬಾಗಿಲಲ್ಲಿ ಕುಳಿತಿದ್ದ ಆರೋಗ್ಯಮ್ಮ ಗೋಡೆ ಹಿಡಿದು ಎದ್ದು ನಿಂತಳು. ಜೀಪು ನಮ್ಮ ಮನೆಯ ಮುಂದೆ ನಿಲ್ಲಲಿಲ್ಲ, ಎದುರು ಮನೆಯ ಮುಂದೆ ನಿಂತಿತು. ಕತ್ರಿನಮ್ಮನ ಹಿರಿಮಗ ಗುಡ್ಡದ ಮೇಲೆ ಮಡಿದಿದ್ದ. ಯಾವಾಗ ಎಂದು ಕೇಳಿದ್ದಕ್ಕೆ ಬಂದ ಹವಾಲ್ದಾರ "ಈಚೆಗೆ, ಕೆಲವು ದಿನದ ಹಿಂದೆ" ಎಂದ. ಶನಿವಾರಕ್ಕೆ ಮುಂಚೆಯೋ ಆಮೇಲೋ ಎಂದು ಕೇಳಿದರೆ ಅವನಿಗೆ ಗೊತ್ತಿರಲಿಲ್ಲ. ಶನಿವಾರ ಏನಾಗಿತ್ತು ಎಂದು ಅವನೇ ತಿರುಗಿ ಕೇಳಿದ.

ಜೀಪು ಹೋಯಿತು. ಕತ್ರಿನಮ್ಮ ಬೀದಿ ದಾಟಿ ಬಂದಳು. ತಲೆ ಕೆದರಿತ್ತು, ಸೆರಗು ನೆಲಕ್ಕೆ ಎಳೆಯುತ್ತಿತ್ತು. ಬೀದಿಯ ಜನ ಬಾಗಿಲುಗಳಲ್ಲಿ ನಿಂತು ನೋಡಿದರು. ಸಿಪಾಯಿ ಅವಳನ್ನು ತಡೆಯಲು ಹೋಗಿ, ಮುಖ ನೋಡಿ ಪಕ್ಕಕ್ಕೆ ಸರಿದ. ಹೊಡೆಯುತ್ತಾಳೆ ಎಂದುಕೊಂಡು ನಾನು ನಡುವೆ ಬಂದೆ. ಅವಳು ನನ್ನನ್ನು ದೂಡಿದಳು.

"ಹೇಳೇ ಆರೋಗ್ಯ" ಎಂದಳು. "ಮುಂಚೇನಾ, ಆಮೇಲಾ? ನೀನು ಬಿಚ್ಚಕ್ಕೆ ಮುಂಚೆ ಹೋದ್ನಾ ನನ್ನ ಮಗ, ಬಿಚ್ಚಿದ್ಮೇಲೆ ಹೋದ್ನಾ?"

ಆರೋಗ್ಯಮ್ಮ ಹೊಸ್ತಿಲ ಅಂಚಿಗೆ ಬಂದು ನಿಂತಳು, ಕತ್ರಿನಮ್ಮ ಮಾತು ನಿಲ್ಲಿಸಲಿಲ್ಲ.

"ಮುಂಚೆ ಅಂದ್ರೆ ಅವಳಿದ್ದೂ ನನ್ನ ಮಗನ್ನ ಕಾಯ್ಲಿಲ್ಲ. ಆಮೇಲೆ ಅಂದ್ರೆ ನೀನು ಕೊಂದೆ, ಪರದೆ ಹಿಡ್ಕೊಂಡು ನಾನೂ ಕೊಂದೆ. ಯಾವ್ದುನ್ನ ಅನ್ಕಳ್ಲಿ? ಹೇಳೇ! ಬೈಯಕ್ಕೂ ಅವಳಿಲ್ಲ, ಬಿದ್ದು ಅಳಕ್ಕೂ ಅವಳಿಲ್ಲ. ಖಾಲಿ ಕಲ್ಲು ಐತೆ ಅಲ್ಲಿ. ಎಲ್ಲಿಗೋಗ್ಲಿ ನಾನು?"

"ಗೊತ್ತಿಲ್ಲ ಕತ್ರಿನಕ್ಕ" ಎಂದಳು ಆರೋಗ್ಯಮ್ಮ.

ಕತ್ರಿನಮ್ಮ ಹೊಸ್ತಿಲ ಮೇಲೆ ಕುಸಿದಳು. ಆರೋಗ್ಯಮ್ಮನ ಎರಡೂ ಪಾದಗಳನ್ನು ಹಿಡಿದು, ಅವುಗಳ ಮೇಲೆ ಹಣೆ ಚಚ್ಚಿಕೊಂಡು, ಮುಷ್ಟಿಯಲ್ಲಿ ಗುದ್ದಿ, ಬಾಯಿಗೆ ಬಂದಂತೆ ಬೈದು ಅಳತೊಡಗಿದಳು. ನಾನು ಬಿಡಿಸಲು ಹೋದೆ. ಆರೋಗ್ಯಮ್ಮ ಬೇಡವೆಂದು ಕಣ್ಣಲ್ಲೇ ತಡೆದಳು. ಒಂದು ಕೈಯಿಂದ ಬಾಗಿಲ ಚೌಕಟ್ಟು ಹಿಡಿದುಕೊಂಡು, ನೆಟ್ಟಗೆ ನಿಂತಳು. ಹೊತ್ತು ಇಳಿಯಿತು, ನೋಡುತ್ತಿದ್ದವರು ಒಬ್ಬೊಬ್ಬರಾಗಿ ಒಳಗೆ ಹೋದರು. ಕತ್ರಿನಮ್ಮನ ಅಳು ಮುಗಿಯುವವರೆಗೆ ಆರೋಗ್ಯಮ್ಮ ಕಾಲು ಕದಲಿಸಲಿಲ್ಲ.